ಗಾಯಾಳುವನ್ನು ಎತ್ತುವವರು ಯಾರು?

ರಸ್ತೆ ಸುರಕ್ಷತೆ ಎಂದೊಡನೆ ನಮಗೆ ನೆನಪಾಗುವುದು ಹೆಲ್ಮೆಟ್ ಮತ್ತು ದಂಡ. ಅಪಘಾತವಾದ ಮೇಲೆ ಗಾಯಾಳುವನ್ನು ಎತ್ತುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

2023ರ ಮೇ 29ರಂದು ತಿ. ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಖಾಸಗಿ ಬಸ್ಸಿಗೂ ಕಾರಿಗೂ ಡಿಕ್ಕಿಯಾಗಿ ಬಳ್ಳಾರಿ ಕಡೆಯ ಪ್ರವಾಸಿಗರು ಸೇರಿ 10 ಮಂದಿ ಮೃತಪಟ್ಟರು. ಇಂಥ ಹೊತ್ತಿನಲ್ಲಿ ಗಾಯಾಳುಗಳ ಹತ್ತಿರ ಮೊದಲು ಇರುವವರು ಪಕ್ಕದ ಹೊಲದವರು, ದಾರಿಹೋಕರು. ನಂಜನಗೂಡು, ತಿ. ನರಸೀಪುರ ಎರಡೂ ರಾಷ್ಟ್ರೀಯ ಹೆದ್ದಾರಿ 766ರ ಮೇಲಿವೆ. ಆದ್ದರಿಂದ ಹದಿನಾರು ಮುಂತಾದ ಈ ಭಾಗದ ಊರುಗಳಿಗೆ ಇದು ದೂರದ ಮಾತಲ್ಲ.

ಆದರೂ ಗಾಯಾಳುವನ್ನು ಮುಟ್ಟಲು ಜನ ಹಿಂಜರಿಯುತ್ತಿದ್ದರು. ಠಾಣೆಗೆ ಅಲೆಯಬೇಕು, ಸಾಕ್ಷಿ ಹೇಳಬೇಕು, ಆಸ್ಪತ್ರೆಯಲ್ಲಿ ಹಣ ಕಟ್ಟಬೇಕು ಎಂಬ ಭಯವೇ ಇದಕ್ಕೆ ಕಾರಣ. ಈ ಭಯ ಕಾನೂನಿನ ಕಣ್ಣಿಗೆ ಬೀಳಲು ಬಹುಕಾಲ ಹಿಡಿಯಿತು. 1914ರ ಮೋಟಾರು ವಾಹನ ಕಾಯ್ದೆ ನೋಂದಣಿ, ಲೈಸೆನ್ಸುಗಳನ್ನು ಕುರಿತದ್ದು. 1939ರ ಕಾಯ್ದೆಯಲ್ಲಿ ಮೂರನೆಯವರ ವಿಮೆ ಸೇರಿತು. ಅದು ಜಾರಿಗೆ ಬಂದದ್ದು 1946ರಲ್ಲಿ. ಗಾಯಾಳುವಿಗೆ ನೆರವಾಗುವ ಹೊಣೆಯನ್ನು 1988ರ ಕಾಯ್ದೆ ಚಾಲಕನ ಮೇಲೆ ಹೊರಿಸಿತು. ದಾರಿಹೋಕನ ರಕ್ಷಣೆಯ ಬಗ್ಗೆ ಅದರಲ್ಲಿ ಮಾತಿರಲಿಲ್ಲ.

1989ರಲ್ಲಿ ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಪ್ರಕರಣದಲ್ಲಿ ಮಹತ್ವದ ತೀರ್ಪು ನೀಡಿತು. ಕಾರು ಬಡಿದು ಗಾಯಗೊಂಡಿದ್ದ ಸ್ಕೂಟರ್ ಸವಾರನನ್ನು ಆಸ್ಪತ್ರೆಯೊಂದು ಪೊಲೀಸ್ ಕೇಸೆಂದು ಸೇರಿಸಿಕೊಳ್ಳದೆ ಸುಮಾರು 20 ಕಿ.ಮೀ. ದೂರದ ಇನ್ನೊಂದಕ್ಕೆ ಕಳುಹಿಸಿತ್ತು. ಆತ ದಾರಿಯಲ್ಲೇ ಅಸುನೀಗಿದ್ದ. ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ ಎಂದು ನ್ಯಾಯಾಲಯ ಸಾರಿತು.

2010ರಲ್ಲಿ ದೇಶಕ್ಕೊಂದು ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿ ಬಂತು. ರಸ್ತೆಯ ವಿನ್ಯಾಸ, ವಾಹನ, ಚಾಲಕ, ತುರ್ತು ಚಿಕಿತ್ಸೆ ಎಲ್ಲವನ್ನೂ ಅದು ಒಟ್ಟಿಗೆ ನೋಡಿತು. 2016ರಲ್ಲಿ ಸುಪ್ರೀಂ ಕೋರ್ಟು, ನೆರವಾದವರಿಗೆ ಕಿರುಕುಳ ತಪ್ಪಿಸುವ ಮಾರ್ಗಸೂಚಿಗೆ ಒಪ್ಪಿಗೆ ನೀಡಿತು. ಇದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ಕೇಂದ್ರ ತಿದ್ದುಪಡಿ ಕಾಯ್ದೆ ಈ ರಕ್ಷಣೆಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ರಸ್ತೆ ವಿನ್ಯಾಸದ ಲೋಪಕ್ಕೆ ಗುತ್ತಿಗೆದಾರರನ್ನೂ ಹೊಣೆಯಾಗಿಸಿತು.

ಈಗ ಸದುದ್ದೇಶದಿಂದ ನೆರವಾದವನು ತನ್ನ ಹೆಸರು ಹೇಳಲೇಬೇಕಾಗಿಲ್ಲ. ಸಾಕ್ಷಿಯಾಗುವುದೂ ಅವನ ಇಚ್ಛೆಗೆ ಬಿಟ್ಟದ್ದು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಈ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವುದು ಗುರಿ. ರಕ್ಷಣೆ ಇದೆಯೆಂಬ ಸಂಗತಿ ಹೆದ್ದಾರಿ ಬದಿಯ ಚಹಾ ಅಂಗಡಿಯವನಿಗೂ ತಿಳಿಯದಿದ್ದರೆ ಈ ಕಾಯ್ದೆಗಳಿಂದ ಗಾಯಾಳುವಿಗೆ ಆಗುವ ಲಾಭ ಅಷ್ಟಕ್ಕಷ್ಟೆ.