ಪಟ್ಟಿಯಿಂದ ಕೊನೆಗೆ ಹೆಸರು ಹೊಡೆಸಿಕೊಂಡವರು

ಇತಿಹಾಸ ಸರಣಿ, ಭಾಗ 7 🏒
(ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ)

ಹಾಕಿ ಅಂದ್ರೆ ನಮಗೆ ಕೊಡಗು ನೆನಪಾಗತ್ತೆ. ಇವತ್ತಿನ ಕಥೆ ಮಂಜುಗಡ್ಡೆ ಮೇಲೆ ಆಡೋ ಹಾಕಿದು. ಅಮೆರಿಕದ ಮಿನ್ನೆಸೋಟ ರಾಜ್ಯದ ಕಾಲೇಜು ಕೋಚ್ ಹರ್ಬ್ ಬ್ರೂಕ್ಸ್ ಅವರದ್ದು.

1960ರ ಚಳಿಗಾಲದ ಒಲಿಂಪಿಕ್ಸ್. ಬ್ರೂಕ್ಸ್‌ಗೆ 22 ವರ್ಷ. ಆಟ ಶುರುವಾಗೋಕೆ ಕೆಲವೇ ದಿನ ಇರುವಾಗ ಅಮೆರಿಕ ತಂಡದಿಂದ ಅವರ ಹೆಸರು ತೆಗೆದರು. ಕೊನೆಯದಾಗಿ ಹೊರಗೆ ಹೋದವರು ಅವರೇ. ಅದೇ ತಂಡ ಚಿನ್ನ ಗೆದ್ದಿತು. ಬ್ರೂಕ್ಸ್ ಮನೆಯಲ್ಲಿ ಕೂತು ನೋಡಬೇಕಾಯ್ತು. ಆಮೇಲೆ 1964, 1968ರಲ್ಲಿ ಆಡಿದರು, ಪದಕ ಬರಲಿಲ್ಲ.

1972ರಲ್ಲಿ ತಾವು ಓದಿದ ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೇ ಕೋಚ್ ಆದರು. ಅಲ್ಲಿ ತನಕ ಆ ಕಾಲೇಜು ಎನ್‌ಸಿಎಎ ರಾಷ್ಟ್ರೀಯ ಪ್ರಶಸ್ತಿ ಗೆದ್ದೇ ಇರಲಿಲ್ಲ. ಇವರು ಬಂದ ಮೇಲೆ 1974, 1976, 1979, ಮೂರು ಸಲ ಗೆದ್ದಿತು!

ಆಮೇಲೆ 1980ರ ಒಲಿಂಪಿಕ್ಸ್ ತಂಡದ ಜವಾಬ್ದಾರಿ ಬಂತು. ಎದುರಿಗೆ ಸತತ ನಾಲ್ಕು ಚಿನ್ನ ಗೆದ್ದಿದ್ದ ಸೋವಿಯತ್ ತಂಡ. ಇವರ ಹತ್ರ ಇದ್ದವರು ಬಹುಪಾಲು ಕಾಲೇಜು ಹುಡುಗರು, ನನ್ನ ನಿಮ್ಮ ವಯಸ್ಸಿನವರು. ಅದರಲ್ಲೂ ಮಿನ್ನೆಸೋಟದವರಿಗೂ ಬೋಸ್ಟನ್‌ನವರಿಗೂ ಆಗ್ತಿರಲಿಲ್ಲ. 1976ರ ಕಾಲೇಜು ಪಂದ್ಯದಲ್ಲಿ ಹೊಡೆದಾಡಿಕೊಂಡಿದ್ದವರು. ಬ್ರೂಕ್ಸ್ ಮಾಡಿದ್ದೇನು ಗೊತ್ತಾ? ಎಲ್ಲರೂ ಸೇರಿ ತನ್ನನ್ನೇ ಬೈಯೋ ಹಾಗೆ ನಡ್ಕೊಂಡರು. 1979ರ ಸೆಪ್ಟೆಂಬರ್‌ನಲ್ಲಿ ನಾರ್ವೆ ಜೊತೆ ಪಂದ್ಯ 3-3 ಸಮ ಆಯ್ತು. ಹುಡುಗರು ಮನಸ್ಸಿಟ್ಟು ಆಡಲಿಲ್ಲ ಅಂತ, ಪಂದ್ಯ ಮುಗಿದ ಮೇಲೆ ಅದೇ ಅಂಗಳದಲ್ಲಿ ಸುಸ್ತಾಗೋವರೆಗೂ ಓಡಿಸಿದರು. ಲೈಟ್ ಆರಿಸಿದ ಮೇಲೂ ಬಿಡಲಿಲ್ಲ.

ಒಲಿಂಪಿಕ್ಸ್‌ಗೆ ಮುಂಚೆ 20 ಜನರ ಪಟ್ಟಿ ಅಂತಿಮ ಮಾಡಬೇಕಿತ್ತು. ಕೊನೆಗೆ ಹೊರಗೆ ಉಳಿದವರು ರಾಲ್ಫ್ ಕಾಕ್ಸ್. 20 ವರ್ಷದ ಹಿಂದೆ ತಾನು ನಿಂತಿದ್ದ ಜಾಗದಲ್ಲೇ ಬ್ರೂಕ್ಸ್ ಇನ್ನೊಬ್ಬನನ್ನ ನಿಲ್ಲಿಸಬೇಕಾಯ್ತು. ಆ ನೋವು ಗೊತ್ತಿದ್ದವರೇ ಆ ಕೆಲಸ ಮಾಡಬೇಕಾಗಿ ಬಂತು. ಎಲ್ಲರೂ ಗೆಲುವಿನ ಪಂದ್ಯದ ಬಗ್ಗೆನೇ ಹೇಳ್ತಾರೆ, ನನಗೆ ಕಾಡೋದು ಈ ಘಟನೆ.

ಒಲಿಂಪಿಕ್ಸ್‌ಗೆ ಕೆಲವೇ ದಿನ ಮುಂಚೆ, ಫೆಬ್ರವರಿ 9ಕ್ಕೆ, ನ್ಯೂಯಾರ್ಕ್‌ನಲ್ಲಿ ಸೋವಿಯತ್ ತಂಡ ಇವರನ್ನ 10-3ರಿಂದ ಸೋಲಿಸಿತ್ತು. ಫೆಬ್ರವರಿ 22ಕ್ಕೆ ಲೇಕ್ ಪ್ಲಾಸಿಡ್‌ನಲ್ಲಿ ಮತ್ತೆ ಅದೇ ತಂಡ. ಕೊನೇ 10 ನಿಮಿಷ ಬಾಕಿ ಇದ್ದಾಗ ಕ್ಯಾಪ್ಟನ್ ಮೈಕ್ ಎರುಜಿಯೋನಿ ಗೋಲು ಹೊಡೆದರು. 4-3. ಹುಡುಗರು ಕುಣೀತಿದ್ರೆ ಬ್ರೂಕ್ಸ್ ಸುಮ್ಮನೆ ಒಳಗೆ ಹೋಗಿಬಿಟ್ಟರು.

ಅದು ಫೈನಲ್ ಅಂತ ಬಹಳ ಜನ ತಿಳ್ಕೊಂಡಿದಾರೆ, ಅಲ್ಲ. ಎರಡು ದಿನ ಬಿಟ್ಟು ಫಿನ್‌ಲ್ಯಾಂಡ್ ಎದುರು 1-2 ಹಿಂದಿದ್ದು, 4-2 ಗೆದ್ದ ಮೇಲೇ ಚಿನ್ನ ಸಿಕ್ಕಿದ್ದು.

ಮುಂದೆ ದೊಡ್ಡ ವೃತ್ತಿಪರ ತಂಡಗಳಿಗೂ ಕೋಚ್ ಆದರು, ನಡುವೆ ಸೇಂಟ್ ಕ್ಲೌಡ್ ಅನ್ನೋ ಊರಿನ ಕಾಲೇಜಿಗೂ ಒಂದು ವರ್ಷ ಕಲಿಸಿದರು. 2002ರಲ್ಲಿ ಅಮೆರಿಕಕ್ಕೆ ಬೆಳ್ಳಿ ತಂದುಕೊಟ್ಟರು. 2003ರ ಆಗಸ್ಟ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. 66 ವರ್ಷ. ಲೇಕ್ ಪ್ಲಾಸಿಡ್‌ನ ಆ ಅಂಗಳಕ್ಕೆ ಈಗ ಅವರದೇ ಹೆಸರು.

ಹೋದ ವರ್ಷ ಕಾಲೇಜು ಕಬಡ್ಡಿ ಪಟ್ಟಿ ಬೋರ್ಡಿಗೆ ಹಾಕಿದಾಗ ನನ್ನ ಹೆಸರಿರಲಿಲ್ಲ. ಎರಡು ಸಲ ಮೇಲಿಂದ ಕೆಳಗೆ ಓದಿದ್ದೆ. ಆವತ್ತು ಪಟ್ಟಿ ಬರೆದವರ ಮೇಲೆ ಸಿಟ್ಟು ಬಂದಿತ್ತು. ಈ ಕಥೆ ಓದಿದ ಮೇಲೆ, ಆ ಪಟ್ಟಿ ಬರೆಯೋದೂ ಸುಲಭ ಇರಲಿಲ್ವೇನೋ ಅನ್ನಿಸ್ತು.

ನಿಮ್ಮ ಹೆಸರೂ ಯಾವ್ದಾದ್ರೂ ಪಟ್ಟಿಯಿಂದ ಹೀಗೆ ಬಿಟ್ಟುಹೋಗಿದ್ಯಾ? ಕಾಮೆಂಟಲ್ಲಿ ಹೇಳಿ. ಭಾಗ 8 ಮುಂದಿನ ಭಾನುವಾರ.

#ಇತಿಹಾಸ #ಕನ್ನಡ #ಹರ್ಬ್‌ಬ್ರೂಕ್ಸ್ #ಐಸ್‌ಹಾಕಿ