ಬ್ರಿಟನ್ನಿನಲ್ಲಿ ಅಂಗವಿಕಲರ ವೇತನ

ಬೆಲೆಗಳು ಏರುವ ಕಾಲದಲ್ಲಿ ಎಲ್ಲ ಮನೆಗಳಲ್ಲಿಯೂ ಚಿಂತೆ ತಲೆದೋರುವುದು ಸಹಜ. ದೃಢಕಾಯನಾದವನು ಅಂಥ ಕಾಲದಲ್ಲಿ ಒಂದು ಗಳಿಗೆ ಹೆಚ್ಚಾಗಿ ದುಡಿಯಬಹುದು. ಅಗ್ಗದ ಅಂಗಡಿಯನ್ನು ಹುಡುಕಿ ದೂರ ನಡೆಯಬಹುದು. ಒಲೆಯ ಉರಿಯನ್ನು ತಗ್ಗಿಸಿ ಕಂಬಳಿ ಹೊದ್ದು ಚಳಿಗಾಲವನ್ನು ಕಳೆಯಬಹುದು. ಅಂಗವಿಕಲನಿಗೆ ಈ ಮೂರು ದಾರಿಗಳೂ ಬಹುಮಟ್ಟಿಗೆ ಮುಚ್ಚಿರುತ್ತವೆ. ಹೀಗಿರುವಲ್ಲಿ ಅವನಿಗೆ ರಾಜ್ಯದಿಂದ ಸಲ್ಲುವ ವೇತನವೂ ಕಡಿಮೆಯಾದೀತೆಂಬ ವಾರ್ತೆ ಹಬ್ಬಿದರೆ ಆ ಮನೆಯ ಭಯ ಎಂಥದೆಂಬುದನ್ನು ಊಹಿಸಬಹುದು. ೨೦೨೫ರ ವಸಂತದಲ್ಲಿ ಬ್ರಿಟನ್ನಿನ ಲಕ್ಷಾಂತರ ಮನೆಗಳನ್ನು ಇಂಥ ಭಯವು ಹೊಕ್ಕಿತು. ಅದು ಒಂದು ವರ್ಷದಲ್ಲಿ ಹುಟ್ಟಿದುದಲ್ಲ. ಅದರ ಬೇರು ನಾಲ್ಕು ಶತಮಾನಗಳಷ್ಟು ಆಳಕ್ಕೆ ಇಳಿದಿದೆ.

ಎಲಿಜಬೆತ್ ರಾಣಿಯ ಆಳಿಕೆಯ ಕೊನೆಯಲ್ಲಿ, ೧೬೦೧ರಲ್ಲಿ, ಬಡವರ ಪೋಷಣೆಗಾಗಿ ಒಂದು ಶಾಸನವಾಯಿತು. ಕುಂಟರು, ಕುರುಡರು, ಮುದುಕರು, ಶಕ್ತಿಹೀನರು ಇವರ ಪೋಷಣೆಯ ಭಾರವನ್ನು ಆಯಾ ಪ್ಯಾರಿಷಿನವರೇ ತೆರಿಗೆಯೆತ್ತಿ ಹೊರಬೇಕೆಂದು ಅದು ವಿಧಿಸಿತು. ದುಡಿಯಲಾರದವನು ಕರುಣೆಗೆ ಪಾತ್ರ, ದುಡಿಯಬಲ್ಲವನು ಶಿಕ್ಷೆಗೆ ಪಾತ್ರ ಎಂಬ ವಿಂಗಡಣೆಯು ಅಂದಿನಿಂದ ಆ ದೇಶದ ಕಾನೂನಿನಲ್ಲಿ ನೆಲೆನಿಂತಿತು. ಯಾರು ದುಡಿಯಲಾರರು, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯೂ ಅಂದೇ ಹುಟ್ಟಿತು. ೧೮೩೪ರ ಹೊಸ ಶಾಸನವು ಈ ವಿಂಗಡಣೆಯನ್ನು ಇನ್ನಷ್ಟು ಕಠಿನಗೊಳಿಸಿತು. ಸಹಾಯವನ್ನು ಬೇಡುವವನ ಸ್ಥಿತಿಯು ಅತಿ ಬಡ ಕೂಲಿಗಾರನ ಸ್ಥಿತಿಗಿಂತಲೂ ಕೀಳಾಗಿರಬೇಕೆಂಬುದು ಅದರ ಸೂತ್ರ. ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಇರಿಸುವ ದುಡಿಮೆಮನೆಗಳು ನಾಡಿನಾದ್ಯಂತ ಎದ್ದವು. ಶಾಸನದ ಗುರಿ ದೃಢಕಾಯರೇ ಆಗಿದ್ದರೂ ಕಾಲಕ್ರಮದಲ್ಲಿ ಆ ಗೋಡೆಗಳೊಳಗೆ ತುಂಬಿದವರು ರೋಗಿಗಳು, ವೃದ್ಧರು ಮತ್ತು ಅಂಗಹೀನರು.

ಬೇಡುವವರೇ ಎದ್ದು ನಿಂತು ಕೇಳುವ ಕಾಲವು ಮೊದಲನೆಯ ಮಹಾಯುದ್ಧದ ತರುವಾಯ ಬಂದಿತು. ಧರ್ಮಸಂಸ್ಥೆಗಳ ಕಾರ್ಖಾನೆಗಳಲ್ಲಿ ಬುಟ್ಟಿ, ಕುಂಚ, ಚಾಪೆಗಳನ್ನು ಹೆಣೆಯುತ್ತಿದ್ದ ಅಂಧರು ತಮ್ಮದೇ ಆದ ಒಂದು ಕಾರ್ಮಿಕ ಸಂಘವನ್ನು ಕಟ್ಟಿಕೊಂಡಿದ್ದರು. ಯುದ್ಧಕಾಲದಲ್ಲಿ ಜೀವನವೆಚ್ಚವು ಎರಡು ಪಟ್ಟಿಗೂ ಮೀರಿ ಏರಿತ್ತು; ಅವರ ಕೂಲಿಯಾದರೋ ಹೊಟ್ಟೆಗೆ ಸಾಲದಾಗಿತ್ತು. ೧೯೨೦ರ ಏಪ್ರಿಲ್ ೫ರಂದು ಲೀಡ್ಸ್, ಮ್ಯಾಂಚೆಸ್ಟರ್, ನ್ಯೂಪೋರ್ಟ್ ಎಂಬ ಮೂರು ಊರುಗಳಿಂದ ಅಂಧರ ಮೂರು ತಂಡಗಳು ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೊರಟವು. ತೋಳಿಗೆ ತೋಳು ಕೂಡಿಸಿ, ಸಾಲುಸಾಲಾಗಿ ನಡೆದ ಈ ಜನರ ಪತಾಕೆಯ ಮೇಲೆ, ತಾವು ಬಯಸುವುದು ನ್ಯಾಯವನ್ನು, ದಾನವನ್ನಲ್ಲ ಎಂಬ ಅರ್ಥದ ಮಾತಿತ್ತು. ಅವರು ೨೫ರಂದು ಟ್ರಫಾಲ್ಗರ್ ಚೌಕವನ್ನು ಮುಟ್ಟಿದರು. ಕೆಲವು ದಿನಗಳಾದ ಮೇಲೆ ಪ್ರಧಾನಿ ಲಾಯ್ಡ್ ಜಾರ್ಜ್ ಅವರ ಮುಖಂಡರನ್ನು ಬರಮಾಡಿಕೊಂಡನು. ಅದೇ ವರ್ಷ ಆದ ಶಾಸನವು ಅಂಧರಿಗೆ ವೃದ್ಧಾಪ್ಯವೇತನ ದೊರೆಯುವ ವಯಸ್ಸನ್ನು ೭೦ರಿಂದ ೫೦ಕ್ಕೆ ಇಳಿಸಿತು. ಅವರು ಕೇಳಿದುದೆಲ್ಲ ಸಿಕ್ಕಲಿಲ್ಲ. ಆದರೆ ಅಂಗವೈಕಲ್ಯದ ಕಾರಣದಿಂದಲೇ ಒಬ್ಬನಿಗೆ ರಾಜ್ಯದ ವೇತನದಲ್ಲಿ ವಿಶೇಷ ಹಕ್ಕುಂಟೆಂಬ ತತ್ತ್ವಕ್ಕೆ ಮನ್ನಣೆ ದೊರೆಯಿತು.

ಎರಡನೆಯ ಯುದ್ಧದ ಕಾಲದಲ್ಲಿ ಬೆವೆರಿಜ್ ಮಹಾಶಯನ ೧೯೪೨ರ ವರದಿಯಿಂದ ಹೊಸ ವ್ಯವಸ್ಥೆಯೊಂದು ರೂಪುಗೊಂಡಿತು. ೧೯೪೪ರ ಶಾಸನವು ೨೦ ಅಥವಾ ಅದಕ್ಕೂ ಹೆಚ್ಚು ಕೆಲಸಗಾರರುಳ್ಳ ಮಾಲಿಕರು ನೂರಕ್ಕೆ ೩ರಂತೆ ಅಂಗವಿಕಲರನ್ನು ನೇಮಿಸಿಕೊಳ್ಳಬೇಕೆಂದು ವಿಧಿಸಿತು. ೧೯೪೮ರ ಜುಲೈ ೫ರಂದು ಹಳೆಯ ಬಡವರ ಕಾನೂನು ರದ್ದಾಯಿತು. ಆದರೂ ಈ ಹೊಸ ಮನೆಯಲ್ಲಿ ಒಂದು ದೊಡ್ಡ ಬಿರುಕು ಉಳಿದಿತ್ತು. ಯುದ್ಧದಲ್ಲಿ ಕಾಲು ಕಳೆದುಕೊಂಡವನಿಗೆ ಒಂದು ವೇತನ, ಕಾರ್ಖಾನೆಯಲ್ಲಿ ಕಳೆದುಕೊಂಡವನಿಗೆ ಇನ್ನೊಂದು. ವಿಮೆಯ ಕಂತನ್ನು ಕಟ್ಟಿದ ರೋಗಿಗೆ ಮತ್ತೊಂದು. ಹುಟ್ಟಿನಿಂದಲೇ ನಡೆಯಲಾರದವನಿಗೂ, ಕಂತು ಕಟ್ಟದ ಗೃಹಿಣಿಗೂ ಇವುಗಳಲ್ಲಿ ಯಾವುದೂ ಇಲ್ಲ. ಬಡತನವನ್ನು ರುಜುವಾತುಪಡಿಸಿ ಬೇಡಿದರೆ ಮಾತ್ರ ಅಷ್ಟಿಷ್ಟು ನೆರವು. ಕೊರತೆ ಒಂದೇ ಆಗಿದ್ದರೂ ಅದರ ಕಾರಣವನ್ನು ನೋಡಿ ಬೆಲೆ ಕಟ್ಟಲಾಗುತ್ತಿತ್ತು.

ಈ ಬಿರುಕನ್ನು ಎತ್ತಿ ತೋರಿಸಿದವರು ಇಬ್ಬರು ಗೃಹಿಣಿಯರು. ನರರೋಗದಿಂದ ಬಳಲುತ್ತಿದ್ದ ಮೇಗನ್ ಡು ಬ್ವಾಸನ್ ಎಂಬಾಕೆ ೧೯೬೫ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಒಂದು ಕಾಗದವನ್ನು ಬರೆದಳು. ಬೆರಿಟ್ ಮೂರ್ ಎಂಬಾಕೆಯೊಡನೆ ಸೇರಿ ಒಂದು ಸಂಘವನ್ನು ಸ್ಥಾಪಿಸಿದಳು. ವೈಕಲ್ಯದ ಕಾರಣ ಏನೇ ಇರಲಿ, ಅದರಿಂದಾಗುವ ವೆಚ್ಚಕ್ಕೆ ತಕ್ಕ ವೇತನ ಎಲ್ಲರಿಗೂ ಸಲ್ಲಬೇಕೆಂಬುದು ಅವರ ವಾದ. ಮೇಗನ್ ೧೯೬೯ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡಳು; ತನ್ನ ಕೆಲಸದ ಫಲವನ್ನು ಆಕೆ ಕಾಣಲಿಲ್ಲ. ೧೯೭೧ರಲ್ಲಿ ಶುಶ್ರೂಷೆಯ ಭತ್ಯವೂ, ೧೯೭೬ರಲ್ಲಿ ಸಂಚಾರದ ಭತ್ಯವೂ ಬಂದವು. ಗೃಹಿಣಿಯರಿಗೆ ೧೯೭೭ರಲ್ಲಿ ಒಂದು ವೇತನವಾಯಿತಾದರೂ, ಮನೆಗೆಲಸವನ್ನು ಮಾಡಲಾರೆನೆಂದು ಅವರು ತೋರಿಸಿಕೊಡಬೇಕಾಗಿತ್ತು. ಗಂಡಸರಿಗಿಲ್ಲದ ಈ ಪರೀಕ್ಷೆಯು ಬಹು ಅಸಮಾಧಾನಕ್ಕೆ ಎಡೆಗೊಟ್ಟು, ೧೯೮೪ರಲ್ಲಿ ಆ ವೇತನವೇ ಹೋಗಿ ಬೇರೊಂದು ಅದರ ಸ್ಥಾನಕ್ಕೆ ಬಂದಿತು. ಕೊನೆಗೆ ೧೯೯೨ರಲ್ಲಿ ಹಲವು ಭತ್ಯಗಳನ್ನು ಕೂಡಿಸಿ 'ಅಂಗವಿಕಲರ ಜೀವನಭತ್ಯ'ವನ್ನು ಏರ್ಪಡಿಸಿದರು. ಪಡೆಯುವವನು ದುಡಿಯುತ್ತಿರಲಿ ದುಡಿಯದಿರಲಿ, ಬಡವನಾಗಿರಲಿ ಸ್ಥಿತಿವಂತನಾಗಿರಲಿ, ವೈಕಲ್ಯದ ಹೆಚ್ಚಿನ ವೆಚ್ಚಕ್ಕಾಗಿ ಅದು ಸಲ್ಲುತ್ತಿತ್ತು.

ಆದರೆ ಹಕ್ಕು ವಿಶಾಲವಾದಂತೆಲ್ಲ ಬೊಕ್ಕಸದ ಚಿಂತೆಯೂ ಬೆಳೆಯಿತು. ೨೦೧೩ರಿಂದ ದುಡಿಯುವ ವಯಸ್ಸಿನವರಿಗೆ ಆ ಭತ್ಯದ ಸ್ಥಾನದಲ್ಲಿ 'ಸ್ವಾತಂತ್ರ್ಯವೇತನ'ವೆಂಬುದು ಬಂದಿತು. ಅಡಿಗೆ, ಸ್ನಾನ, ಉಡಿಗೆ, ನಡಿಗೆ ಮೊದಲಾದ ೧೨ ಕಾರ್ಯಗಳಿಗೆ ಅಂಕಗಳನ್ನು ಗೊತ್ತುಮಾಡಿ, ೮ ಅಂಕ ಬಂದವರಿಗೆ ಸಾಮಾನ್ಯ ದರವನ್ನೂ ೧೨ ಬಂದವರಿಗೆ ಹೆಚ್ಚಿನ ದರವನ್ನೂ ಕೊಡುವುದು ಅದರ ಕ್ರಮ. ನಡಿಗೆಯ ಪರೀಕ್ಷೆಯಲ್ಲಿ ಹಿಂದೆ ೫೦ ಮೀಟರನ್ನು ಅಳತೆಯಾಗಿ ಹಿಡಿಯುತ್ತಿದ್ದರು. ಈಗ ಹೆಚ್ಚಿನ ದರಕ್ಕೆ ಅದು ೨೦ಕ್ಕೆ ಇಳಿಯಿತು. ಈ ಮೂವತ್ತು ಮೀಟರುಗಳ ಅಂತರದಲ್ಲಿ ಅನೇಕರು ತಮ್ಮ ಮೋಟಾರು ಬಂಡಿಯನ್ನು ಕಳೆದುಕೊಂಡರು. ನ್ಯಾಯಮಂಡಲಿಗಳ ವಿಚಾರಣೆಗೆ ಬಂದ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿಯೇ ತೀರ್ಮಾನವಾದುದು ಆ ಅಳತೆಗೋಲಿನ ಯೋಗ್ಯತೆಯನ್ನು ತಿಳಿಸುತ್ತದೆ. ೨೦೧೬ರ ಮಾರ್ಚಿಯಲ್ಲಿ ಅಂಕಗಳನ್ನು ಇನ್ನೂ ಬಿಗಿಮಾಡಲು ಸರಕಾರ ಯೋಚಿಸಿದಾಗ, ಆ ಇಲಾಖೆಯ ಸಚಿವ ಡಂಕನ್ ಸ್ಮಿತ್ ರಾಜೀನಾಮೆಯಿತ್ತನು, ಯೋಜನೆ ಬಿದ್ದುಹೋಯಿತು.

ಅನಂತರ ಬಂದುದು ಬೆಲೆಗಳ ಬಿರುಗಾಳಿ. ೨೦೨೨ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಬೆಲೆಯೇರಿಕೆಯು ವರ್ಷಕ್ಕೆ ನೂರಕ್ಕೆ ೧೧.೧ನ್ನು ಮುಟ್ಟಿತು, ವಿದ್ಯುತ್ತು ಅನಿಲಗಳ ಬೆಲೆ ಅದಕ್ಕೂ ಮುಂದೆ ಓಡಿತು. ಗಾಲಿಕುರ್ಚಿಗೆ ವಿದ್ಯುತ್ತು ತುಂಬಬೇಕು, ಉಸಿರಾಟದ ಯಂತ್ರ ರಾತ್ರಿಯಿಡೀ ನಡೆಯಬೇಕು, ಅಲುಗಾಡಲಾರದ ದೇಹಕ್ಕೆ ಕೋಣೆ ಬೆಚ್ಚಗಿರಬೇಕು. ಇವುಗಳಲ್ಲಿ ಯಾವುದನ್ನು ಬಿಡುವುದು? ಸರಕಾರವು ಅಂಗವಿಕಲರಿಗೆಂದು ೨೦೨೨ರಲ್ಲಿ ೧೫೦ ಪೌಂಡುಗಳನ್ನೂ, ೨೦೨೩ರಲ್ಲಿ ಮತ್ತೆ ಅಷ್ಟನ್ನೇ ಒಂದೊಂದು ಸಲ ಕೊಟ್ಟಿತು.

ಆ ಗಾಯ ಮಾಯುವ ಮುನ್ನವೇ, ೨೦೨೫ರ ಮಾರ್ಚಿ ೧೮ರಂದು ಹೊಸ ಸುಧಾರಣೆಯ ಪತ್ರ ಹೊರಟಿತು. ವೇತನ ಪಡೆಯುವವರ ಸಂಖ್ಯೆ ವೇಗವಾಗಿ ಬೆಳೆಯುತ್ತಿದೆ, ತರುಣರು ಕೆಲಸದಿಂದ ದೂರ ಉಳಿಯುತ್ತಿದ್ದಾರೆ, ಈ ಭಾರವನ್ನು ಹೀಗೆಯೇ ಹೊರಲಾಗದು ಎಂಬುದು ಸರಕಾರದ ವಾದ; ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಅದು ಸೂಚಿಸಿದ ನಿಯಮ ಹೀಗಿತ್ತು: ದೈನಂದಿನ ಜೀವನದ ಭಾಗವನ್ನು ಪಡೆಯಬೇಕಾದರೆ ಒಟ್ಟು ೮ ಅಂಕಗಳಿದ್ದರೆ ಸಾಲದು, ಯಾವುದಾದರೊಂದು ಕಾರ್ಯದಲ್ಲಿಯೇ ೪ ಅಂಕಗಳಿರಬೇಕು. ಸೊಂಟದ ಕೆಳಗಿನ ಮೈ ತೊಳೆಯಲು ಇನ್ನೊಬ್ಬರ ನೆರವು ಬೇಕಾದವನಿಗೆ ೨ ಅಂಕ. ಸೊಂಟದ ಕೆಳಗಿನ ಉಡಿಗೆಗೆ ನೆರವು ಬೇಕಾದರೆ ೨. ಅಡಿಗೆಗೂ ಶೌಚಕ್ಕೂ ಉಪಕರಣಗಳು ಬೇಕಾದರೆ ಎರಡೆರಡು. ಹೀಗೆ ನಾಲ್ಕು ಕಡೆ ಕುಂದಿ ೮ ಅಂಕ ಪಡೆದವನು ಹೊಸ ನಿಯಮದಲ್ಲಿ ಏನನ್ನೂ ಪಡೆಯನು.

ಆಳುವ ಪಕ್ಷದೊಳಗೇ ನೂರಕ್ಕೂ ಮಿಕ್ಕ ಸದಸ್ಯರು ವಿರೋಧಿಸಿದರು. ಜುಲೈ ೧ರಂದು, ಮಸೂದೆಯ ಚರ್ಚೆ ನಡೆಯುತ್ತಿರುವಾಗಲೇ, ಸಚಿವ ಸ್ಟೀಫನ್ ಟಿಮ್ಸ್ ಎದ್ದುನಿಂತು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದೆಂದೂ, ಅಂಗವಿಕಲರೊಡನೆ ಕೂಡಿ ಪರೀಕ್ಷೆಯ ಕ್ರಮವನ್ನೇ ವಿಮರ್ಶಿಸಲಾಗುವುದೆಂದೂ ಸಾರಿದನು. ಮಸೂದೆಯು ೩೩೫ಕ್ಕೆ ೨೬೦ ಮತಗಳಿಂದ ಮುಂದೆ ಸಾಗಿ, ಸೆಪ್ಟೆಂಬರಿನಲ್ಲಿ ಶಾಸನವಾಯಿತು. ಆದರೂ ಇನ್ನೊಂದು ನೆರವಿನಲ್ಲಿ ಕತ್ತರಿ ಉಳಿಯಿತು: ಅನಾರೋಗ್ಯದ ಕಾರಣ ದುಡಿಯಲಾಗದವರಿಗೆ ವಾರಕ್ಕೆ ಸುಮಾರು ೯೭ ಪೌಂಡಿದ್ದ ಭಾಗವನ್ನು, ೨೦೨೬ರ ಏಪ್ರಿಲಿನಿಂದ ಹೊಸದಾಗಿ ಬರುವವರಲ್ಲಿ ಬಹುಮಂದಿಗೆ ೫೦ಕ್ಕೆ ಇಳಿಸಬೇಕೆಂದು ಆ ಶಾಸನ ವಿಧಿಸಿತು.

ಈ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ೨೦೨೫ರಲ್ಲಿ ಕೈಬಿಟ್ಟ ನಿಯಮದಿಂದ ಯಾರೊಬ್ಬರೂ ಒಂದು ಪೆನ್ನಿಯನ್ನೂ ಕಳೆದುಕೊಳ್ಳಲಿಲ್ಲ. ಆದರೂ ಮಾರ್ಚಿಯಿಂದ ಜುಲೈವರೆಗೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ಹಾಳಾಯಿತು. ವೇತನದ ಪ್ರಯೋಜನವು ಅದರ ಮೊತ್ತದಲ್ಲಿ ಎಷ್ಟಿದೆಯೋ, ನಾಳೆಯೂ ಅದು ಬರುವುದೆಂಬ ನಿಶ್ಚಯದಲ್ಲಿಯೂ ಅಷ್ಟೇ ಇದೆ. ಬಾಡಿಗೆಯ ಮನೆಯನ್ನು ಹಿಡಿಯುವುದು, ಸಹಾಯಕ್ಕೆ ಆಳನ್ನು ಗೊತ್ತುಮಾಡುವುದು, ಕಡೆಗೆ ಕೆಲಸವೊಂದಕ್ಕೆ ಸೇರಲು ಧೈರ್ಯಮಾಡುವುದು, ಇವೆಲ್ಲವೂ ಆ ನಿಶ್ಚಯವನ್ನೇ ನೆಮ್ಮಿವೆ. ಖರ್ಚಿಗೆ ಮಿತಿಯನ್ನು ಗೊತ್ತುಪಡಿಸುವುದು ಯಾವ ಸರಕಾರಕ್ಕೂ ತಪ್ಪದ ಕರ್ತವ್ಯ. ಆ ಮಿತಿಯನ್ನು ಎಳೆಯುವಾಗ ಅದರ ಕೆಳಗೆ ಬಾಳಬೇಕಾದವರನ್ನು ಮೊದಲು ವಿಚಾರಿಸುವುದು ಕೂಡ ಕರ್ತವ್ಯವೇ. ೧೯೨೦ರಲ್ಲಿ ಲಂಡನ್ನಿಗೆ ನಡೆದ ಅಂಧರು ಕೇಳಿದ ನ್ಯಾಯದಲ್ಲಿ ಈ ಎರಡನೆಯ ಕರ್ತವ್ಯವೂ ಸೇರಿದೆ.