70 ದಾಟಿದರೆ ನಡುಗುವ ಗಾಡಿ: ಹಡಗಲಿಯ ಒಂದು ಹಳೇ ಯೆಜ್ಡಿ ಮತ್ತು ನಡುಕದ ಇತಿಹಾಸ

ಹೂವಿನಹಡಗಲಿಯಲ್ಲಿ ಮಲ್ಲಿಗೆ ಸೀಸನ್ ಬಂತೆಂದರೆ ಬೆಳಕು ಹರಿಯುವ ಮುಂಚೆಯೇ ತೋಟಗಳಲ್ಲಿ ಜನ ಇರುತ್ತಾರೆ. ಮೊಗ್ಗು ಬಿಡಿಸಬೇಕು, ಒದ್ದೆ ಬಟ್ಟೆಯಲ್ಲಿ ಕಟ್ಟಬೇಕು, ಅರಳುವ ಮೊದಲು ಮಾರುಕಟ್ಟೆ ಮುಟ್ಟಿಸಬೇಕು. ನಮ್ಮ ಬಳಗದ ಗೆಳೆಯನೊಬ್ಬನ ದೊಡ್ಡಪ್ಪ ಈ ಕೆಲಸಕ್ಕೆ ಇವತ್ತಿಗೂ ತಮ್ಮ ಹಳೇ ಯೆಜ್ಡಿ ರೋಡ್‌ಕಿಂಗ್ ಗಾಡಿಯನ್ನೇ ಬಳಸುತ್ತಾರೆ.

ಕಳೆದ ಬೇಸಿಗೆಯಲ್ಲಿ ಒಂದು ನಸುಕಿಗೆ ಹೂವಿನ ಗಂಟು ಹಿಂದೆ ಕಟ್ಟಿಕೊಂಡು ಹೊಸಪೇಟೆಗೆ ಹೊರಟರು. ಹಗರಿಬೊಮ್ಮನಹಳ್ಳಿ ದಾಟಿ, ಮರಿಯಮ್ಮನಹಳ್ಳಿ ಹತ್ತಿರ ನಾಲ್ಕು ಪಥದ ಹೆದ್ದಾರಿ ಹತ್ತಿದರು. ರಸ್ತೆ ನುಣ್ಣಗಿತ್ತು, ತಡವೂ ಆಗಿತ್ತು. ಮುಳ್ಳು 70 ದಾಟಿದ್ದೇ ತಡ, ಹ್ಯಾಂಡಲ್ ಗಡಗಡ ನಡುಗತೊಡಗಿತು. ಗಟ್ಟಿಯಾಗಿ ಹಿಡಿದಷ್ಟೂ ನಡುಕ ಜೋರಾಯಿತು. ಹಿಂದೆ ಲಾರಿ ಬರುತ್ತಿತ್ತು. ಹೇಗೋ ಎಡಕ್ಕೆ ಬಂದು ನಿಂತರು.

"ಜೀವ ಬಾಯಿಗೆ ಬಂದಿತ್ತು ನೋಡ್ರಪ್ಪಾ. ಗಾಡಿಗೆ ವಯಸ್ಸಾತು, ಗುಜರಿಗೆ ಹಾಕಿಬಿಡ್ತೀನಿ" ಅಂದರು ಮನೆಗೆ ಬಂದು.

"ತಡೀರಿ ದೊಡ್ಡಪ್ಪ, ಏನಾಗೈತಿ ಅಂತ ಒಮ್ಮೆ ನೋಡೋಣು" ಅಂದ ನಮ್ಮ ಗೆಳೆಯ. ಹಾಗೆ ನೋಡಲು ಹೋದ ನಮಗೆ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯ ಒಂದು ಕಥೆ.

ಪ್ರಾಗ್‌ನಿಂದ ಮೈಸೂರಿಗೆ

1929ರಲ್ಲಿ, ಈಗಿನ ಚೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟರ್ ಸೈಕಲ್ ತಯಾರಿಸುವ ಹಕ್ಕು ಕೊಂಡರು. ಎರಡೂ ಹೆಸರುಗಳ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಆ ಜಾವಾವನ್ನು ಕರ್ನಾಟಕಕ್ಕೆ ತಂದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್.

1973ರಿಂದ ಅಲ್ಲಿಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರ್, 250 ಸಿಸಿ, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್. ಅದರ ಸದ್ದು ಕೇಳಿದರೆ ಯಾರು ಬಂದರೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಗಾಡಿಗಳು ಊರೂರಲ್ಲಿ ಉಳಿದವು. ಇಂಜಿನ್ ಗಟ್ಟಿ, ಹಾಗಾಗಿ ಓಡಿಸುವವರು ಇಂಜಿನ್ ಒಂದನ್ನೇ ನೋಡಿಕೊಂಡರು. ಪ್ಲಗ್ ಒರೆಸಿದರು, ಕಾರ್ಬೊರೇಟರ್ ತೊಳೆದರು, ಪಿಸ್ಟನ್ ಬದಲಿಸಿದರು. ಹ್ಯಾಂಡಲ್ ಕೆಳಗಿನ ಗುಂಡುಗಳನ್ನು, ಹಿಂದಿನ ಚಕ್ರ ಹಿಡಿದಿರುವ ಬುಶ್‌ಗಳನ್ನು ಯಾರೂ ಬಿಚ್ಚಿ ನೋಡಲಿಲ್ಲ.

ನೋಡುವ ಪ್ರಸಂಗವೂ ಬರಲಿಲ್ಲ. ಆಗ ನಮ್ಮ ಕಡೆಯ ದೊಡ್ಡ ರಸ್ತೆಯೆಂದರೆ ರಾಷ್ಟ್ರೀಯ ಹೆದ್ದಾರಿ 13. ಎದುರು ಲಾರಿ ಬಂದರೆ ಮಣ್ಣಿಗೆ ಇಳಿಯಬೇಕಿತ್ತು. ಐವತ್ತರ ಮೇಲೆ ಹೋದವನೇ ಶೂರ. ಈಗ ಕೂಡ್ಲಿಗಿ ಮೇಲೆ ಹೊಸಪೇಟೆಗೆ ಹೋಗುವ ಅದೇ ಹೆದ್ದಾರಿಗೆ 50 ಎಂಬ ನಂಬರ್ ಬಂದಿದೆ, ನಾಲ್ಕು ಪಥವಾಗಿದೆ. ಸವೆತ ಮೊದಲಿನಿಂದಲೂ ಒಳಗೇ ಇತ್ತು. ರಸ್ತೆ ಸುಧಾರಿಸಿ ವೇಗ ಹೆಚ್ಚಿದಾಗ ಅದು ಹೊರಗೆ ಕಂಡಿತು, ಅಷ್ಟೆ.

ನಡುಕವನ್ನು ಲೆಕ್ಕ ಹಾಕಿದವರು

ಎರಡು ಚಕ್ರದ ಗಾಡಿ ಬೀಳದೆ ಹೇಗೆ ಓಡುತ್ತದೆ, ಯಾವಾಗ ತೂಗಾಡುತ್ತದೆ ಎಂಬ ಪ್ರಶ್ನೆ ಸೈಕಲ್ ಕಾಲದ್ದು. 1899ರಲ್ಲಿ ಕೇಂಬ್ರಿಡ್ಜ್‌ನ ಫ್ರಾನ್ಸಿಸ್ ವಿಪ್ಪಲ್ ಸೈಕಲ್ಲಿನ ಚಲನೆಗೆ ಗಣಿತದ ಸಮೀಕರಣ ಬರೆದರು. ಮೋಟರ್ ಸೈಕಲ್ಲಿಗೆ ಅಂಥ ಲೆಕ್ಕವನ್ನು ಟೈರಿನ ಗುಣವನ್ನೂ ಸೇರಿಸಿ ಮಾಡಿದವರು ಇಂಗ್ಲೆಂಡಿನ ರಾಬಿನ್ ಶಾರ್ಪ್. ಅವರ ಪ್ರಬಂಧ ಬಂದಿದ್ದು 1971ರಲ್ಲಿ.

ಶಾರ್ಪ್ ನಡುಕದಲ್ಲಿ ಎರಡು ಜಾತಿ ಬೇರೆ ಮಾಡಿ ತೋರಿಸಿದರು. ಒಂದು 'ವಾಬಲ್'. ಇದರಲ್ಲಿ ಮುಂದಿನ ಚಕ್ರ, ಹ್ಯಾಂಡಲ್ ಮಾತ್ರ ಸೆಕೆಂಡಿಗೆ ಆರರಿಂದ ಹತ್ತು ಬಾರಿ ಎಡಬಲ ಬಡಿಯುತ್ತವೆ. ಇನ್ನೊಂದು 'ವೀವ್'. ಇದರಲ್ಲಿ ಇಡೀ ಗಾಡಿ ಹಾವು ಹರಿದಂತೆ ನಿಧಾನವಾಗಿ, ಸೆಕೆಂಡಿಗೆ ಎರಡರಿಂದ ನಾಲ್ಕು ಬಾರಿ ತೂಗುತ್ತದೆ. ಮೊದಲನೆಯದಕ್ಕೆ ಮುಂಭಾಗ ನೋಡಬೇಕು, ಎರಡನೆಯದಕ್ಕೆ ಹಿಂಭಾಗ ಮತ್ತು ಲೋಡು ನೋಡಬೇಕು. ನಿಮ್ಮ ಗಾಡಿಯದು ಯಾವುದು ಎಂದು ಗುರುತು ಹಿಡಿದರೆ ಅರ್ಧ ರಿಪೇರಿ ಆದಂತೆ.

ಇದು ಯಾಕೆ ಆಗುತ್ತದೆ? ಆಸ್ಪತ್ರೆಯ ಸ್ಟ್ರೆಚರ್ ಜೋರಾಗಿ ತಳ್ಳಿದಾಗ ಅದರ ಪುಟ್ಟ ಚಕ್ರ ಪಟಪಟ ಬಡಿದುಕೊಳ್ಳುವುದನ್ನು ನೋಡಿರುತ್ತೀರಿ. ಮೋಟರ್ ಸೈಕಲ್ಲಿನ ಮುಂದಿನ ಚಕ್ರವೂ ಹಾಗೆಯೇ, ಪಕ್ಕಕ್ಕೆ ಸರಿದರೆ ತಾನಾಗಿ ನೇರಕ್ಕೆ ಬರುವಂತೆ ಜೋಡಿಸಿರುತ್ತಾರೆ. ಬರುವ ಭರದಲ್ಲಿ ಅದು ನೇರವನ್ನು ದಾಟಿ ಆ ಕಡೆ ಹೋಗುತ್ತದೆ, ಮತ್ತೆ ಈ ಕಡೆ ಬರುತ್ತದೆ. ಎಲ್ಲ ಬಿಗಿಯಾಗಿದ್ದರೆ ಇದು ತಕ್ಷಣ ಅಡಗುತ್ತದೆ. ಸಡಿಲವಿದ್ದರೆ ಅಡಗದೆ ಬೆಳೆಯುತ್ತದೆ.

ತೊಟ್ಟಿಲನ್ನು ತಕ್ಕ ಹೊತ್ತಿಗೆ ಸಣ್ಣಗೆ ತಳ್ಳಿದರೂ ಸಾಕು, ತೂಗು ಏರುತ್ತಲೇ ಹೋಗುತ್ತದೆ. ರೋಡ್‌ಕಿಂಗ್‌ನ 18 ಇಂಚಿನ ಚಕ್ರ ಟೈರು ಸೇರಿ ಒಂದು ಸುತ್ತಿಗೆ ಹತ್ತಿರ ಹತ್ತಿರ ಎರಡು ಮೀಟರ್ ಸಾಗುತ್ತದೆ. 70 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ಹತ್ತು ಸುತ್ತು. ರಿಮ್ ಬೆಂಡ್ ಇದ್ದರೆ ಪ್ರತಿ ಸುತ್ತಿಗೂ ಒಂದು ತಳ್ಳು. ಶಾರ್ಪ್ ಹೇಳಿದ ಆರು ಮತ್ತು ಹತ್ತರ ಲೆಕ್ಕಕ್ಕೆ ಇದು ಹೇಗೆ ಕೂಡುತ್ತದೆ ನೋಡಿ. ದೊಡ್ಡಪ್ಪನ ಗಾಡಿ 40ರಲ್ಲಿ ಸುಮ್ಮನಿದ್ದು 70ರಲ್ಲಿ ನಡುಗಿದ್ದು ಸುಮ್ಮನೆ ಅಲ್ಲ.

ಹಳಬರಿಗೂ ಈ ಕಾಟ ಗೊತ್ತಿತ್ತು. 1950ರ ದಶಕದ ಬುಲೆಟ್‌ಗಳ ಹ್ಯಾಂಡಲ್ ನಡುವೆ ಒಂದು ತಿರುಗಣಿ ಇರುತ್ತಿತ್ತು. ಅದನ್ನು ತಿರುವಿದರೆ ಸ್ಟೀರಿಂಗ್ ಸ್ವಲ್ಪ ಬಿಗಿಯಾಗಿ ಕುಲುಕಾಟ ಅಡಗುತ್ತಿತ್ತು. ಅದು ನಡುಕವನ್ನು ತಡೆಯುವ ಸಾಧನ, ಸವೆತಕ್ಕೆ ಔಷಧಿ ಅಲ್ಲ.

ಅಂಗಳದಲ್ಲಿ ತಪಾಸಣೆ

ಒಂದು ಭಾನುವಾರ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆದೆವು. ಅವರು ಇಂಜಿನ್ ಮುಟ್ಟಲೇ ಇಲ್ಲ.

ಮೊದಲು ಟೈರು. ಗಾಳಿ ಕಡಿಮೆ ಇತ್ತು. ಹಿಂದಿನ ಟೈರು ನಡುವೆ ಸವೆದು ಹಲಗೆಯಂತೆ ಚಪ್ಪಟೆಯಾಗಿತ್ತು. ಪಕ್ಕದಲ್ಲಿ 2314 ಎಂಬ ಅಂಕಿ ತೋರಿಸಿದರು. 2014ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು ಅಂತ ಅರ್ಥ. ನಿಮ್ಮ ಟೈರಿನ ಮೇಲೂ ಇಂಥ ನಾಲ್ಕು ಅಂಕಿ ಇರುತ್ತದೆ, ನೋಡಿಕೊಳ್ಳಿ.

ಎರಡನೆಯದು ಚಕ್ರ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ತುಂಡು ಇಟ್ಟು ಮುಂದಿನ ಚಕ್ರ ಎತ್ತಿದರು. ಫೋರ್ಕಿಗೆ ಒಂದು ಕಡ್ಡಿ ಒತ್ತಿ ಹಿಡಿದು, ಅದರ ತುದಿ ರಿಮ್ ಹತ್ತಿರ ಬರುವಂತೆ ಮಾಡಿ ಚಕ್ರ ತಿರುಗಿಸಿದರು. ಸಂದು ಒಮ್ಮೆ ಹಿಗ್ಗಿತು, ಒಮ್ಮೆ ಕುಗ್ಗಿತು. ರಿಮ್ ಬೆಂಡ್ ಇತ್ತು. ಸ್ಪೋಕ್‌ಗಳನ್ನು ಸ್ಪ್ಯಾನರ್‌ನಿಂದ ತಟ್ಟಿದರು. ಬಿಗಿ ಇದ್ದದ್ದು 'ಟಿಣ್' ಅಂದಿತು, ಸಡಿಲ ಇದ್ದದ್ದು 'ಟಪ್' ಅಂದಿತು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಇರಲಿಲ್ಲ. ಬೇರಿಂಗ್ ಚೆನ್ನಾಗಿತ್ತು.

ಮೂರನೆಯದು ಸ್ಟೀರಿಂಗ್. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದರು. ಅಲುಗಲಿಲ್ಲ. ಆದರೆ ಹ್ಯಾಂಡಲನ್ನು ಒಂದೇ ಬೆರಳಿನಿಂದ ಎಡಬಲ ತಿರುಗಿಸಿದಾಗ ನಡುವೆ ಬಂದು 'ಕಟಕ್' ಎಂದು ಕೂತಿತು. ಒಳಗೆ ಬಟ್ಟಲಿನಂಥ ಕಪ್ಪಿನಲ್ಲಿ ಸಣ್ಣ ಉಕ್ಕಿನ ಗುಂಡುಗಳಿರುತ್ತವೆ. ವರ್ಷಗಟ್ಟಲೆ ಗುಂಡಿಗೆ ಬಿದ್ದೂ ಬಿದ್ದೂ ಅವು ಒಂದೇ ಜಾಗದಲ್ಲಿ ಕುಣಿ ಮಾಡಿರುತ್ತವೆ. ಹಿಂದೊಮ್ಮೆ ಹ್ಯಾಂಡಲ್ ಸಡಿಲ ಅನ್ನಿಸಿದಾಗ ಮೇಲಿನ ನಟ್ ಬಿಗಿ ಮಾಡಿಸಿ ಬಿಟ್ಟಿದ್ದರು. ಬಿಗಿ ಮಾಡಿದರೆ ಆಟ ಹೋಗುತ್ತದೆ, ಕುಣಿ ಹೋಗುವುದಿಲ್ಲ.

ನಾಲ್ಕನೆಯದು ಹಿಂದಿನ ಸ್ವಿಂಗ್ ಆರ್ಮ್. ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ತಳ್ಳಿದರು. ಚಕ್ರದ ಜೊತೆ ಇಡೀ ಆರ್ಮ್ ಅಲುಗಿತು. ಬುಶ್ ಸವೆದಿತ್ತು.

ಐದನೆಯದು ಸಾಲು. ಹೊಲದಲ್ಲಿ ಸಾಲು ಹಿಡಿಯಲು ಹಗ್ಗ ಎಳೆಯುವಂತೆ ಹಿಂದಿನ ಟೈರಿನ ಎರಡೂ ಬದಿಗೆ ತಾಗಿಸಿ ಮುಂದಿನ ಚಕ್ರದವರೆಗೆ ದಾರ ಎಳೆದರು. ಮುಂದೆ ಎರಡೂ ಕಡೆ ಸಂದು ಸಮ ಇರಬೇಕು, ಇರಲಿಲ್ಲ. ಚೈನ್ ಬಿಗಿ ಮಾಡುವಾಗ ಒಂದು ಕಡೆ ಹೆಚ್ಚು ಎಳೆದು ಹಿಂದಿನ ಚಕ್ರ ಓರೆಯಾಗಿತ್ತು.

ಕೊನೆಗೆ ಹಿಂದಿನ ಕ್ಯಾರಿಯರ್ ನೋಡಿ ನಕ್ಕರು. ಹೂವಿನ ಗಂಟು ಹಿಡಿಸಲೆಂದು ದೊಡ್ಡಪ್ಪ ಅದನ್ನು ಒಂದು ಮೊಳ ಹಿಂದಕ್ಕೆ ವೆಲ್ಡಿಂಗ್ ಮಾಡಿಸಿದ್ದರು. "ಹಿಂದಿನ ಅಚ್ಚು ದಾಟಿ ಭಾರ ಹೇರಿದ್ರ ಮುಂದಿನ ಗಾಲಿ ಹಗುರ ಆಕ್ಕೈತ್ರಿ. ನೆಲಾ ಹಿಡಿಯೋದಿಲ್ಲ" ಅಂದರು. ಎತ್ತಿನ ಬಂಡಿಯಲ್ಲಿ ಹಿಂದಕ್ಕೆ ಹೇರಿದರೆ ನೊಗ ಮೇಲೇಳುತ್ತದಲ್ಲ, ಅದೇ ಲೆಕ್ಕ. ದೊಡ್ಡಪ್ಪ ತಲೆ ಆಡಿಸಿದರು.

ರಿಪೇರಿ

ಸ್ಟೀರಿಂಗ್ ಕಪ್, ಕೋನ್, ಗುಂಡು ಪೂರ್ತಿ ಸೆಟ್ ಬೆಂಗಳೂರಿನಿಂದ ತರಿಸಿದೆವು. ಹೊಸ ಗ್ರೀಸ್ ತುಂಬಿ ಕೂರಿಸಿ, ಆಟ ಹೋಗುವಷ್ಟೇ ಬಿಗಿ ಮಾಡಿದರು. ಅಳತೆ ಸುಲಭ: ಮುಂದಿನ ಚಕ್ರ ಎತ್ತಿದಾಗ ಹ್ಯಾಂಡಲ್ ಸ್ವಲ್ಪ ತಳ್ಳಿದರೆ ತಾನಾಗಿ ಪಕ್ಕಕ್ಕೆ ಬೀಳಬೇಕು. ಬೀಳದಿದ್ದರೆ ಬಿಗಿ ಹೆಚ್ಚಾಯಿತು, ಆಗ ನಿಧಾನ ಹೋಗುವಾಗ ಗಾಡಿ ತೂಗಾಡುತ್ತದೆ.

ಸ್ವಿಂಗ್ ಆರ್ಮ್ ಬುಶ್ ಲೇತ್‌ನಲ್ಲಿ ಹೊಸದು ಮಾಡಿಸಿದೆವು. ರಿಮ್ ಬೆಂಡ್ ತೆಗೆಸಿ ಸ್ಪೋಕ್ ಬಿಗಿ ಮಾಡಿಸಿದೆವು. ಟೈರು ಎರಡೂ ಹೊಸವು. ಮುಂದಿನ ಫೋರ್ಕಿನ ಹಳೇ ಆಯಿಲ್ ಚೆಲ್ಲಿ ಎರಡೂ ಕಾಲಿಗೆ ಅಳೆದು ಸಮನಾಗಿ ಹಾಕಿದರು. ಕ್ಯಾರಿಯರ್ ಕತ್ತರಿಸಿ ಗಿಡ್ಡ ಮಾಡಿ, ಹೂವಿಗೆ ಸೀಟಿನ ಎರಡೂ ಬದಿಗೆ ಕೆಳಗೆ ಚೀಲ ಕಟ್ಟಿದೆವು.

ಒಂದೇ ಸಲ ಹೆದ್ದಾರಿಗೆ ಹೋಗಲಿಲ್ಲ. ಮೊದಲು ಲೋಡಿಲ್ಲದೆ 40, ಆಮೇಲೆ 50, 60. ಎರಡು ದಿನ ಬಿಟ್ಟು ಸ್ಪೋಕ್, ನಟ್ ಮತ್ತೆ ನೋಡಿದೆವು. ಆಮೇಲೆ ಹೆದ್ದಾರಿಯಲ್ಲಿ 75ಕ್ಕೆ ಹೋದಾಗ ಹ್ಯಾಂಡಲ್ ಅಲುಗಲಿಲ್ಲ.

ರಸ್ತೆಯಲ್ಲೇ ನಡುಗಿದರೆ

ಇದನ್ನು ಮನೆಯವರಿಗೂ ಓದಿ ಹೇಳಿ. ಹ್ಯಾಂಡಲ್ ನಡುಗಿದ ಕೂಡಲೇ ಬ್ರೇಕ್ ಒತ್ತಬೇಡಿ, ಅದರಲ್ಲೂ ಮುಂದಿನ ಬ್ರೇಕ್. ಭಾರ ಮುಂದಕ್ಕೆ ಬಂದು ನಡುಕ ಹೆಚ್ಚುತ್ತದೆ. ಹ್ಯಾಂಡಲನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ನಿಮ್ಮ ತೋಳಿನ ಬಲವೇ ನಡುಕಕ್ಕೆ ತಳ್ಳಾಗುತ್ತದೆ. ಕೈ ಬಿಡಲೂಬೇಡಿ. ಮೊಣಕಾಲಿನಿಂದ ಟ್ಯಾಂಕ್ ಅಪ್ಪಿ ಹಿಡಿದು, ಆಕ್ಸಿಲೇಟರ್ ಮೆಲ್ಲಗೆ ಇಳಿಸಿ. ವೇಗ ಇಳಿದಂತೆ ನಡುಕ ತಾನಾಗಿ ಅಡಗುತ್ತದೆ. ಆಮೇಲೆ ಎಡಕ್ಕೆ ಬಂದು ನಿಲ್ಲಿ. ಮತ್ತೆ ಹೊರಡುವಾಗ ನಿಧಾನವಾಗಿ ಮನೆ ಸೇರಿ, ರಿಪೇರಿ ಆಗುವವರೆಗೆ ಹೆದ್ದಾರಿ ಹತ್ತಬೇಡಿ.

ದೊಡ್ಡಪ್ಪ ಗಾಡಿ ಗುಜರಿಗೆ ಹಾಕಲಿಲ್ಲ. ಈ ಸೀಸನ್ನಿನಲ್ಲೂ ನಸುಕಿಗೆ ಆ ಸದ್ದು ಕೇಳುತ್ತದೆ. 75ರಲ್ಲಿ ನಡುಗುವುದಿಲ್ಲ ಎಂದು ಗೊತ್ತಿದ್ದರೂ ಅವರು 60 ದಾಟುವುದಿಲ್ಲ. ಕೇಳಿದರೆ "ಹೂವು ಹತ್ತು ನಿಮಿಷ ತಡಾ ಆದ್ರ ರೇಟ್ ಬೀಳ್ತೈತಿ, ನಾ ಬಿದ್ರ ಎದ್ದೇಳೋದಿಲ್ಲ" ಅನ್ನುತ್ತಾರೆ.

ಮೈಸೂರಿನ ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಅದರ ಗಾಡಿಗಳು ನಮ್ಮ ಮನೆಗಳಲ್ಲಿ ದುಡಿಯುತ್ತಿವೆ. ಯೆಜ್ಡಿ ಇರಲಿ, ರಾಜದೂತ್ ಇರಲಿ, ಬುಲೆಟ್ ಇರಲಿ, ನಿಮ್ಮ ಅಂಗಳದಲ್ಲೂ ಒಂದು ಹಳೇ ಗಾಡಿ ಇದ್ದರೆ ಈ ಭಾನುವಾರ ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರ ತಿರುಗಿಸಿ ನೋಡಿ. ಅರ್ಧ ಗಂಟೆಯ ಕೆಲಸ.